ಬೀಗರ ಬಾಯಿಗೆ ಜಿಲೇಬಿ

ಎಮ್ಮೆ ಬಾಯಿ ತೆರೆಯಿತು. ಭೀಮಸಿ ನಿನ್ನೆಯ ರೊಟ್ಟಿಯ ಚೂರನ್ನು ಮೂರು ಬೆರಳಲ್ಲಿ ಹಿಡಿದು, ಮೊಣಕೈಯನ್ನು ಒಂದಿಷ್ಟು ಮೇಲೆತ್ತಿ, ಮುಖದ ತುಂಬ ನಗೆ ಹರಡಿಕೊಂಡು, “ತಗೋರಿ ಬೀಗರ, ನನ್ನ ಕೈಯಾಂದೊಂದು” ಎಂದು ಮೆತ್ತಗೆ ಹೇಳಿ ಅದರ ನಾಲಿಗೆಯ ಮೇಲಿಟ್ಟ. ಎಮ್ಮೆ ಬೀಗತನದ ಗೊಡವೆಗೆ ಹೋಗದೆ ನುಂಗಿತು. ನಗೆ ಸರಿಯಾಗಿ ಬರಲಿಲ್ಲ ಅನ್ನಿಸಿತು ಅವನಿಗೆ. ತುಟಿಯ ಎಡತುದಿ ಮೊದಲು ಎದ್ದು, ಬಲತುದಿ ತಡವಾಗಿ ಬಂದು ಸೇರುತ್ತಿತ್ತು, ಗ್ರಾಮಸಭೆಗೆ ಮೆಂಬರುಗಳು ಬಂದು ಸೇರುವ ಹಾಗೆ. ಇನ್ನೊಂದು ಚೂರು ಮುರಿದ. ಇವತ್ತು ಮಧ್ಯಾಹ್ನ ಬೇಡಕಿಹಾಳದಲ್ಲಿ, ನಾಲ್ಕೂರಿನ ಜನರ ಎದುರಿಗೆ, ರೊಟ್ಟಿಯ ಬದಲು ಜಿಲೇಬಿ ಇರುತ್ತದೆ, ಎಮ್ಮೆಯ ಬದಲು ಮುರಗೆಪ್ಪ ಇರುತ್ತಾನೆ, ತನ್ನ ಮಗಳು ಶೈಲಾಳ ಮಾವ. ಕೈ ನಡುಗಬಾರದು. ಸೇಡಿನ ಕೈ ನಡುಗಿದರೆ ನೋಡಿದವರಿಗೆ ಅದು ಪ್ರೀತಿಯ ಹಾಗೆ ಕಾಣುತ್ತದೆ.

“ಎಮ್ಮಿಗಿ ಯಾವಾಗಿಂದ ರೀ ಹಚ್ಚಿ ಮಾತಾಡಾಕ ಹತ್ತೀರಿ?” ಹಿಂದಿನಿಂದ ಹೆಂಡತಿ ಅಕ್ಕವ್ವ ಕೇಳಿದಳು. ಅವಳ ಕೈಯಲ್ಲಿ ಸಕ್ಕರೆ ನೋಡುವ ಸಣ್ಣ ಮಶೀನು ಇತ್ತು. “ಬೆರಳ ತರ್ರಿ. ಊರಿಗೆ ಹೋಗೂದೈತಿ, ಲಗೂನ ನೋಡಿಬಿಡೂಣು.”

ಅವನು ಉಂಗುರ ಬೆರಳು ಮುಂದೆ ಮಾಡಿದ. ಚುಚ್ಚಿದಳು. ಮಶೀನು ಸ್ವಲ್ಪ ಹೊತ್ತು ವಿಚಾರ ಮಾಡಿತು. “ಇವತ್ತ ಶಾಣ್ಯಾ ಆಗೀರಿ ನೋಡ್ರಿ” ಎಂದು ಅಕ್ಕವ್ವ ಅಂಕಿ ತೋರಿಸಿದಳು, ಪಾಸಾದ ಹುಡುಗನ ಮಾರ್ಕ್ಸ್‌ಕಾರ್ಡು ತೋರಿಸಿದ ಹಾಗೆ. ರಕ್ತದಲ್ಲಿ ಸಿಹಿ ಎಷ್ಟಿದೆ ಎಂದು ಹೇಳುವ ಮಶೀನು ಬಂದಿದೆ, ಕಹಿ ಎಷ್ಟಿದೆ ಎಂದು ಹೇಳುವುದು ಬಂದಿಲ್ಲ, ಬಂದಿದ್ದರೆ ಇಷ್ಟೊತ್ತಿಗೆ ಇವಳ ಕೈ ಸುಡುತ್ತಿತ್ತು ಎಂದುಕೊಂಡ ಭೀಮಸಿ. ಅಕ್ಕವ್ವನ ಮೇಲೂ ಅವನಿಗೆ ಒಂದು ಸಣ್ಣ ಲೆಕ್ಕ ಬಾಕಿ ಇತ್ತು. ಹೋದ ವರ್ಷ ಬೇಡಕಿಹಾಳದಲ್ಲಿ ಎಲ್ಲರೂ ತನ್ನನ್ನು ನೋಡಿ ನಕ್ಕ ದಿನ, ಹೆಂಗಸರ ಪಂಕ್ತಿಯಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಇವಳೂ ನಕ್ಕಿದ್ದಳು. ಇವತ್ತಿಗೂ ಒಪ್ಪುವುದಿಲ್ಲ. ಕೆಮ್ಮು ಬಂದಿತ್ತು ಅನ್ನುತ್ತಾಳೆ.

ಅವತ್ತಿಗಿಂತ ಮೊದಲು ಅವನ ಬದುಕು ಕೆಟ್ಟದಾಗಿರಲಿಲ್ಲ. ಚಿಕ್ಕೋಡಿಯ ಡಾಕ್ಟರಮ್ಮ ಮೊದಲನೇ ದಿನವೇ ಹೇಳಿದ್ದಳು: “ಇದು ಜೇಲಲ್ಲ ಕಾಕಾ, ಜಾಮೀನು. ಷರತ್ತ ಪಾಲಿಸಿದ್ರ ಆರಾಮ ಹೊರಗ ತಿರಗ್ಯಾಡಬಹುದು.” ಅವನು ಷರತ್ತು ಪಾಲಿಸಿದ. ಗುಳಿಗೆ ತಪ್ಪಿಸಲಿಲ್ಲ. ಕರೋಶಿಯ ತನ್ನ ಕಬ್ಬಿನ ಬದುವಿನ ಮೇಲೆ ದಿನಾ ಸಂಜೆ ನಡೆದ. ಮೊದಮೊದಲು ಅದು ಶಿಕ್ಷೆಯಾಗಿತ್ತು, ಆಮೇಲೆ ಚಟವಾಯಿತು. ಕಬ್ಬು ತುರಾಯಿ ಬಿಟ್ಟು ಬೆಳ್ಳಗಾದಾಗ ಗಾಳಿಗೆ ಅದು ತಲೆ ಆಡಿಸುವುದನ್ನು ಐವತ್ತು ವರ್ಷದಲ್ಲಿ ಒಮ್ಮೆಯೂ ನಿಂತು ನೋಡಿರಲಿಲ್ಲ, ಈಗ ನೋಡಿದ. ಅರ್ಧ ಪೇರಲಹಣ್ಣನ್ನು ಉಪ್ಪು ಖಾರ ಹಚ್ಚಿ, ಮೊದಲು ಸಿಪ್ಪೆಯ ಅಂಚು, ಆಮೇಲೆ ತಿರುಳು, ಕೊನೆಗೆ ಬೀಜ, ಹೀಗೆ ಒಂದು ಸಿನಿಮಾ ನೋಡುವಷ್ಟು ಹೊತ್ತು ತಿನ್ನುವುದನ್ನು ಕಲಿತ. ಬಿಸಿ ಜೋಳದ ರೊಟ್ಟಿಯ ಮೇಲಿನ ಪದರು ಬಿಡಿಸಿದಾಗ ಬರುವ ಹಬೆ, ಹಸಿ ಮೆಂತೆಸೊಪ್ಪು, ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿ. ಗುರುವಾರ ಸಂತೆಯ ದಿನ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅರ್ಧ ಕಪ್ಪು ಚಹಾ, ಅದಕ್ಕೆ ಅರ್ಧ ಚಮಚೆ ಸಕ್ಕರೆ, ಡಾಕ್ಟರಮ್ಮನ ಒಪ್ಪಿಗೆಯಿಂದಲೇ. ಆ ಅರ್ಧ ಕಪ್ಪಿಗಾಗಿ ಅವನು ಬುಧವಾರದಿಂದಲೇ ಖುಷಿಯಾಗಿರುತ್ತಿದ್ದ. ಇಡೀ ಕಪ್ಪು ಕುಡಿಯುವವರು ಚಹಾ ಕುಡಿಯುತ್ತಿದ್ದರು, ಅವನು ಮಾತ್ರ ಚಹಾದ ಜೊತೆ ಮಾತಾಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಆಗಿರಲಿಲ್ಲ. ಮೈಯೊಳಗಿನ ಸಂಗತಿ, ಮನೆಯೊಳಗೆ ಇತ್ತು.

ಅದನ್ನು ಬೀದಿಗೆ ತಂದವನು ಮುರಗೆಪ್ಪ. ಮೊಮ್ಮಗನ ಜವಳ, ಹುಟ್ಟುಗೂದಲು ತೆಗೆಸುವ ಕಾರ್ಯ, ಹೋದ ವರ್ಷ ಮುರಗೆಪ್ಪನ ಅಂಗಳದಲ್ಲಿ. ಗೋಧಿ ಹುಗ್ಗಿ ಮಾಡಿಸಿದ್ದರು. ಭೀಮಸಿ ಅದಕ್ಕೆ ತಯಾರಾಗಿ ಬಂದಿದ್ದ. ಹಿಂದಿನ ದಿನ ಹೆಚ್ಚು ನಡೆದಿದ್ದ, ಬೆಳಿಗ್ಗೆ ಕಡಿಮೆ ತಿಂದಿದ್ದ, ಎರಡು ಚಮಚೆ ಹುಗ್ಗಿ, ಮೇಲೊಂದು ಹನಿ ತುಪ್ಪ, ಅಷ್ಟೇ, ಎಂದು ತನಗೆ ತಾನೇ ಬಜೆಟ್ಟು ಮಂಡಿಸಿ ಪಾಸು ಮಾಡಿಕೊಂಡಿದ್ದ. ಬಡಿಸುವವನ ಸೌಟು ಎಲೆಯ ಮೇಲೆ ಬಂತು. ಹುಗ್ಗಿಯ ಹಬೆ ಮೂಗಿಗೆ ಹತ್ತಿತು. ಏಲಕ್ಕಿ, ಗಸಗಸೆ, ಬೆಲ್ಲ. ಅಷ್ಟರಲ್ಲಿ ಮೇಲಿನಿಂದ ಒಂದು ಕೈ ಇಳಿದು ಬಂದು ಬಡಿಸುವವನ ಮಣಿಕಟ್ಟು ಹಿಡಿಯಿತು. ಹವಳದ ಉಂಗುರದ ಕೈ.

“ಏ ತಮ್ಮಾ, ಅಲ್ಲಿ ಹಾಕಬ್ಯಾಡ. ನಮ್ಮ ಬೀಗರಿಗೆ ಸಕ್ಕರಿ ಬ್ಯಾನಿ ಐತಿ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಭೀಮಸಿ ಕ್ಷಮಿಸುತ್ತಿದ್ದನೋ ಏನೋ. ಆದರೆ ಮುರಗೆಪ್ಪ ನಾಲ್ಕು ಜನ ಕಂಡರೆ ಮೈಕು ಇಲ್ಲದೆಯೂ ಭಾಷಣ ಮಾಡುವ ಮನುಷ್ಯ. “ಹೊಲದಾಗೂ ಸಕ್ಕರಿ, ಮೈಯಾಗೂ ಸಕ್ಕರಿ” ಎಂದ. “ಫ್ಯಾಕ್ಟರಿಯವರು ಕಬ್ಬ ಬಿಟ್ಟ ನಮ್ಮ ಬೀಗರನ್ನ ಅರದ್ರ ಎಂಥಾ ರಿಕವರಿ ಬರತೈತಿ ಅಂತೀನಿ.” ಒಂದು ಟನ್ ಕಬ್ಬಿಗೆ ಸಕ್ಕರೆ ಎಷ್ಟು ಇಳಿಯಿತು ಅನ್ನುವುದಕ್ಕೆ ರಿಕವರಿ ಅನ್ನುತ್ತಾರೆ, ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ಪಂಕ್ತಿ ನಕ್ಕಿತು. ನಗೆ ಎಲೆಯಿಂದ ಎಲೆಗೆ ದಾಟುತ್ತ ಕೊನೆಯವರೆಗೂ ಹೋಗಿ, ಅಲ್ಲಿ ಕಿವಿ ಮಂದವಾದ ಮುದುಕನಿಗೆ ಯಾರೋ ಮತ್ತೊಮ್ಮೆ ಬಿಡಿಸಿ ಹೇಳಿ, ಅವನೂ ನಕ್ಕು, ವಾಪಸು ಬಂತು. ಅಳಿಯ ಅಮೋಲ ತಲೆ ತಗ್ಗಿಸಿ ನಕ್ಕ. ಒಬ್ಬ ಹುಡುಗಿ ಬೇಯಿಸಿದ ಹಾಗಲಕಾಯಿಯ ಬಟ್ಟಲು ತಂದು ಭೀಮಸಿಯ ಎಲೆಯ ಪಕ್ಕ ಇಟ್ಟಳು. ಅದನ್ನು ಮೊದಲೇ ಬೇಯಿಸಿ ಇಟ್ಟಿದ್ದರು ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಹಾಸ್ಯ ಬಾಯಿಗೆ ಬಂದದ್ದಲ್ಲ, ಒಲೆಯ ಮೇಲೆ ಬೆಂದದ್ದು. ಅವನು ಎರಡೂ ಕೈ ಜೋಡಿಸಿ “ಅಡ್ಡಿ ಇಲ್ರಿ ಬೀಗರ” ಎಂದ. ಹೆಣ್ಣು ಕೊಟ್ಟವನ ನಿಘಂಟಿನಲ್ಲಿ ಉಳಿದಿರುವುದು ಆ ಎರಡೇ ಮಾತು. ಬೀಗ ಎಂದರೆ ಸಂಬಂಧಿಕ ಎಂದು ಹೇಳುತ್ತಾರೆ. ಭೀಮಸಿಗೆ ಅವತ್ತು ಬಾಯಿಗೆ ಬಿದ್ದ ಕೀಲಿಯೇ ನೆನಪಿಗೆ ಬಂತು.

“ಕುಬಸದ ಖಣ ತಗೊಂಡೀರೇನು? ಶೈಲಾನ ನಾದಿನಿ ಸೀಮಾಗ ಕೊಡೂದು ಐತಿ” ಎಂದಳು ಅಕ್ಕವ್ವ, ಬೇಡಕಿಹಾಳಕ್ಕೆ ಜನ ತುಂಬಿಕೊಂಡು ಹೊರಟ ವಡಾಪ್ ಜೀಪಿನಲ್ಲಿ, ಮೊಣಕಾಲ ಮೇಲೆ ಚೀಲ ಸರಿಪಡಿಸಿಕೊಳ್ಳುತ್ತ. ಚಿಕ್ಕೋಡಿ ದಾಟಿತ್ತು. ಮುಂದೆ ಎರಡು ಟ್ರಾಲಿಯ ಕಬ್ಬಿನ ಟ್ರ್ಯಾಕ್ಟರು ರಸ್ತೆಯನ್ನೆಲ್ಲ ತನ್ನದೇ ಮಾಡಿಕೊಂಡು, ಮರಾಠಿ ಹಾಡು ಹಾಕಿಕೊಂಡು ಹೊರಟಿತ್ತು. ಜೀಪಿನವನು ಹಾರ್ನು ಹೊಡೆದು ಹೊಡೆದು ಸೋತಿದ್ದ. ಗಾಳಿಯಲ್ಲಿ ಫ್ಯಾಕ್ಟರಿಯ ಕಾಕಂಬಿಯ ವಾಸನೆ, ಹುಳಿತ ಸಿಹಿ. ಉಸಿರಾಡಿದರೂ ಸಕ್ಕರೆ ಏರುವ ದೇಶ ಇದು. ಎದುರಿಗೆ ಕೂತ ಕರೋಶಿಯ ಹಾಲಸಿದ್ದ ಕೇಳಿದ: “ಎಲ್ಲಿಗ್ರಿ ಕಾಕಾ, ರಿಕವರಿ ಹೆಂಗೈತಿ?” ಅವನಿಗೆ ಅದು ನಮಸ್ಕಾರ ಅಂದಷ್ಟೇ ಸಹಜವಾಗಿತ್ತು. ಜವಳ ಮುಗಿದ ವಾರವೇ ಆ ರಿಕವರಿ ಹಾಸ್ಯ ಭೀಮಸಿಗಿಂತ ಮೊದಲು ಕರೋಶಿ ಮುಟ್ಟಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನವನು ಅವನನ್ನು ಕಂಡ ಕೂಡಲೆ ಒಳಗೆ ಕೂಗುತ್ತಿದ್ದ: “ಕಾಕಾಗೊಂದು ಫಿಕ್ಕಾ, ಸಕ್ಕರಿ ಇಲ್ಲದ್ದು.” ಬೇಡ, ಅರ್ಧ ಚಮಚೆ ಹಾಕು ಅಂದರೆ, “ಪಾಪ ಹತ್ತತೈತ್ರಿ ಕಾಕಾ ನಮಗ” ಎಂದು ಕೈ ಮುಗಿಯುತ್ತಿದ್ದ. ಹಾಲಿಗೆ ನೀರು ಬೆರೆಸುವಾಗ ಹತ್ತದ ಪಾಪ ಅವನಿಗೆ ಅರ್ಧ ಚಮಚೆಯಲ್ಲಿ ಹತ್ತುತ್ತಿತ್ತು. ಹೊಲದ ಬದುವಿನಲ್ಲಿ ಪೇರಲಹಣ್ಣು ಹಿಡಿದರೆ ದಾರಿಹೋಕರು ಬೈಕು ನಿಲ್ಲಿಸಿ ಬುದ್ಧಿ ಹೇಳುತ್ತಿದ್ದರು. ಮೈ ಅವನದು, ಕಾವಲು ಊರಿನದು. ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನೇ ಬಿಟ್ಟ. ಬುಧವಾರಗಳು ಸುಮ್ಮನೆ ಬುಧವಾರಗಳಾದವು.

ಮುರಗೆಪ್ಪ ಅಷ್ಟಕ್ಕೂ ಬಿಡಲಿಲ್ಲ. ಮೊಬೈಲಿನಲ್ಲಿ ಬೀಗರ ಗುಂಪೊಂದು ಇತ್ತು. ಕೋಳಿ ಕೂಗುವ ಮೊದಲೇ ಅದರಲ್ಲಿ ಮುರಗೆಪ್ಪ ಕೂಗುತ್ತಿದ್ದ. ಬೇವಿನ ಚಿಗುರು, ನೇರಳೆ ಬೀಜದ ಪುಡಿ, ಬೆಂಡೆಕಾಯಿ ನೀರು, ಹಾಗಲದ ರಸದಲ್ಲಿ ಕಾಲಿಟ್ಟು ನಿಲ್ಲುವುದು. ಕೆಳಗೆ, ‘ಕರೋಶಿ ಬೀಗರಿಗೆ ಉಪಯೋಗ ಆದೀತು.’ ದಿನಾ ಬೆಳಿಗ್ಗೆ ಮೊಬೈಲು ಟಿಂಗ್ ಅಂದಾಗ ಭೀಮಸಿಯ ಹೊಟ್ಟೆಯಲ್ಲಿ ಹಾಗಲಕಾಯಿಯ ಬಟ್ಟಲು ತಳ ಊರುತ್ತಿತ್ತು.

ಆಮೇಲೆ ರಾಯಬಾಗ. ಅಣ್ಣನ ಮನೆಗೆಂದು ಹೋದವನು, ಹೇಗೂ ರಕ್ತ ತೋರಿಸುವ ತಿಂಗಳು ಎಂದು ಬಜಾರದ ಒಂದು ಲ್ಯಾಬಿಗೆ ಹೊಕ್ಕಿದ್ದ. ಮೂಲೆಯ ಬಾಕಿನ ಮೇಲೆ ಒಬ್ಬ ಮನುಷ್ಯ ಟವೆಲ್ಲನ್ನು ತಲೆಯ ಮೇಲಿಂದ ಮೂಗಿನವರೆಗೆ ಎಳೆದುಕೊಂಡು, ಹೊಸ ಸೊಸೆಯ ಹಾಗೆ ಕೂತಿದ್ದ. ಮೊಣಕಾಲ ಮೇಲೆ ಹವಳದ ಉಂಗುರ. ಬೇಡಕಿಹಾಳದಿಂದ ನಿಪ್ಪಾಣಿ ಹತ್ತಿರ, ಚಿಕ್ಕೋಡಿ ಹತ್ತಿರ. ರಾಯಬಾಗಕ್ಕೆ ಬರುವುದು ಯಾರೂ ಗುರುತಿಸಬಾರದು ಅನ್ನುವವರು ಮಾತ್ರ. ಲ್ಯಾಬಿನ ಹುಡುಗಿ ಒಳಗಿಂದ ಬಂದು ಗಟ್ಟಿಯಾಗಿ, “ಕಾಕಾರ, ಹೋದ ಸಲಕ್ಕಿಂತ ಭಾಳ ಏರೇತಿ, ಗುಳಗಿ ತಗೋತೀರೋ ಇಲ್ಲೋ?” ಎಂದಳು. “ಸಣ್ಣಾಗಿ ಮಾತಾಡವಾ” ಎಂದಿತು ಟವೆಲ್ಲು. ಭೀಮಸಿ ಹಿಂದಕ್ಕೆ ಸರಿದು, ಮಾವಿನಹಣ್ಣಿನ ಮೇಲೆ ಕೆಂಪು ಕಾಟು ಹೊಡೆದ ಪೋಸ್ಟರಿನ ಬದಿಗೆ ನಿಂತು, ಬಾಗಿಲ ಹೊರಗೆ ನುಸುಳಿದ. ರಸ್ತೆಯಲ್ಲಿ ಅವನ ಕಾಲು ಹಗುರಾಗಿದ್ದವು. ಏನೂ ತಿಂದಿರಲಿಲ್ಲ, ಆದರೂ ಬಾಯಿ ತುಂಬ ಸಿಹಿ. ಅವತ್ತಿನಿಂದ ಆ ಗುಟ್ಟನ್ನು ದವಡೆಯಲ್ಲಿ ಇಟ್ಟುಕೊಂಡು ಚೀಪುತ್ತಲೇ ಇದ್ದ. ಕರಗುತ್ತಿರಲಿಲ್ಲ. ರಕ್ತದಲ್ಲೂ ಏರುತ್ತಿರಲಿಲ್ಲ. ಬೆಳಿಗ್ಗೆ ಟಿಂಗ್ ಅಂದರೆ ಈಗ ನಗು ಬರುತ್ತಿತ್ತು. ನೇರಳೆ ಬೀಜದ ಪುಡಿ ತನಗಲ್ಲ, ತನ್ನ ಹೆಸರಿನ ವಿಳಾಸಕ್ಕೆ ಹಾಕಿ ಮುರಗೆಪ್ಪ ತನಗೆ ತಾನೇ ಕಳಿಸಿಕೊಳ್ಳುತ್ತಿದ್ದ ಔಷಧಿ ಅದು.

ಹದಿನೈದು ದಿನದ ಹಿಂದೆ ಶೈಲಾ ಫೋನು ಮಾಡಿದ್ದಳು. “ಅಪ್ಪಾ, ನಮ್ಮ ನಾದಿನಿ ಸೀಮಾಂದು ಗಟ್ಟಿ ಆತು. ಅಥಣಿಯವರು, ದ್ರಾಕ್ಷಿ ತ್ವಾಟದವರು. ಹುಡುಗನ ಅಜ್ಜಿ ಭಾಳ ಖಡಕ್ ಅದಾಳ. ನಿಮ್ಮ ಮನ್ಯಾಗ ಯಾರಿಗರೆ ಶುಗರ್ ಐತೇನು, ನಮ್ಮಲ್ಲಿ ಒಬ್ಬಾಕಿ ಸೊಸಿ ಬಂದ ವರ್ಷದಾಗ ಸೂಜಿ ಚುಚ್ಚಿಕೊಳ್ಳಾಕ ಹತ್ತಿದ್ಲು, ಈ ಸಲ ಕೇಳೇ ಮಾಡೂದು ಅಂದ್ಲಂತ. ಮಾವಾರು, ನಮ್ಮ ವಂಶದಾಗ ಅದರ ಹೆಸರ ಗೊತ್ತಿಲ್ಲ ಅಂದಾರ.” ಆಮೇಲೆ, “ನೀವು ಬರ್ರಿ ಅಪ್ಪಾ. ಹಳೇದ ಏನೂ ಮನಸ್ಸಿನ್ಯಾಗ ಇಟಗೋಬ್ಯಾಡ್ರಿ” ಎಂದಿದ್ದಳು. ಬರತೀನವಾ ಎಂದಿದ್ದ. ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ ಬರುವುದಾದರೂ ಯಾಕೆ.

ನಿಶ್ಚಯಕ್ಕೆ ಈ ಕಡೆ ಸಾಖರಪುಡಾ ಅನ್ನುತ್ತಾರೆ, ಸಕ್ಕರೆಯ ಪೊಟ್ಟಣ. ಗಂಡಿನವರು ಸಕ್ಕರೆ ಪೊಟ್ಟಣ ತಂದು ಹುಡುಗಿಯ ಉಡಿಗೆ ಹಾಕಿದರೆ ಮಾತು ಪಕ್ಕಾ. ಆಮೇಲೆ ಊಟ. ಊಟದಲ್ಲಿ ಬೀಗರು ಬೀಗರ ಬಾಯಿಗೆ ಸಿಹಿ ಇಡಬೇಕು, ಒತ್ತಾಯ ಮಾಡಬೇಕು, ಬೇಡ ಅಂದವನ ಕೈ ಹಿಡಿದು ತಿನ್ನಿಸಬೇಕು. ಬೇಡ ಅಂದರೆ ಸಂಬಂಧವೇ ಬೇಡ ಅಂದ ಹಾಗೆ. ಎಂಥ ಚಂದದ ರಿವಾಜು ಎಂದುಕೊಂಡ ಭೀಮಸಿ, ಜೀಪಿನ ಸರಳು ಹಿಡಿದುಕೊಂಡು. ಚೂರಿ ಬೇಡ, ಬೈಗುಳ ಬೇಡ. ಬೇಡ ಅಂದರೆ ಮುರಗೆಪ್ಪ ಅಥಣಿಯ ಅಜ್ಜಿಗೆ ಕಾರಣ ಹೇಳಬೇಕು. ತಿಂದರೆ ರಾತ್ರಿ ತನ್ನ ಕಾಲಿಗೆ ಹೇಳಬೇಕು. ಬಾಯಿ ಒಣಗುವುದು, ಕಣ್ಣ ಮುಂದೆ ಮಂಜು ಕಟ್ಟುವುದು, ನಡುರಾತ್ರಿ ಪಾದದ ಅಡಿಗೆ ಯಾರೋ ಕೆಂಡ ಹರವಿದ ಹಾಗೆ ಉರಿಯುವುದು, ಇದೆಲ್ಲ ಭೀಮಸಿಗೆ ಬಾಯಿಪಾಠ. ವೈರಿಯ ಮೈಯೊಳಗೆ ಏನೇನಾಗುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ಗೊತ್ತಿದ್ದು ಸೇಡು ತೀರಿಸಿಕೊಂಡವರು ಕಡಿಮೆ. ಒಂದು ಕ್ಷಣ ಅವನ ಪಾದವೇ ಬಿಸಿಯಾದ ಹಾಗಾಯಿತು. ಚಪ್ಪಲಿಯೊಳಗೆ ಬೆರಳು ಮಡಚಿ ಬಿಡಿಸಿದ.

“ಇವತ್ತರೆ ಬೀಗರ ಕೂಡ ನಕ್ಕ ಮಾತಾಡ್ರಿ” ಎಂದಳು ಅಕ್ಕವ್ವ.

“ಅದನ್ನ ಕಲಕೊಂಡ ಬಂದೀನಿ ಬಿಡು” ಎಂದ.

ಮುರಗೆಪ್ಪನ ಅಂಗಳದಲ್ಲಿ ಶಾಮಿಯಾನ. ಅದೇ ಅಂಗಳ. ತಾನು ಅವತ್ತು ಕೂತಿದ್ದ ಜಾಗ ಯಾವುದು ಎಂದು ಭೀಮಸಿಯ ಕಣ್ಣು ಹುಡುಕಿತು, ಸಿಕ್ಕಿತು. ಅಲ್ಲಿ ಈಗ ಕೂಲರಿನ ನೀರಿನ ಡ್ರಮ್ಮು ಇತ್ತು. ಮುರಗೆಪ್ಪ ಬಾಗಿಲಲ್ಲೇ ನಿಂತಿದ್ದ, ಹೊಸ ಧೋತರ, ಗುಲಾಬಿ ರುಮಾಲು. ಆದರೆ ಬೆನ್ನು ಮೊದಲಿನಂತೆ ನೆಟ್ಟಗಿರಲಿಲ್ಲ. ಹೆಣ್ಣಿನ ತಂದೆ. ಅಥಣಿಯವರ ಕಾರು ಬಂದು ನಿಂತಾಗಲೆಲ್ಲ ಆ ಬೆನ್ನು ತಾನೇ ಬಾಗುತ್ತಿತ್ತು. ಒಂದು ವರ್ಷದಲ್ಲಿ ಕುತ್ತಿಗೆಯ ಚರ್ಮ ಸಡಿಲಾಗಿತ್ತು. “ಬರ್ರಿ ಬೀಗರ, ಬರ್ರಿ ಬರ್ರಿ” ಎಂದು ಎರಡೂ ಕೈ ಹಿಡಿದುಕೊಂಡ. ಅಂಗೈ ಒದ್ದೆಯಾಗಿತ್ತು. ಶೈಲಾ ನೀರಿನ ತಂಬಿಗೆ ತಂದು ಅಪ್ಪನ ಮುಖ ನೋಡಿದಳು, ಹೊಲದ ಮೇಲೆ ಮೋಡ ಎಷ್ಟು ಕಟ್ಟಿದೆ ಎಂದು ನೋಡುವ ಹಾಗೆ.

ಸೀಮಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಅಥಣಿಯ ಅಜ್ಜಿ ಬೆಳ್ಳಿಯ ಅಂಚಿನ ಕನ್ನಡಕದೊಳಗಿಂದ ಅವಳನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿ, ಸಕ್ಕರೆ ಪೊಟ್ಟಣವನ್ನು ಉಡಿಗೆ ಹಾಕಿದಳು. ಹಲಗೆ ಬಾರಿಸಿದರು. ಎಲೆ ಹಾಕಿದರು. ಭೀಮಸಿ ಅಜ್ಜಿಯ ಎದುರಿನ ಸಾಲಿನಲ್ಲೇ ಜಾಗ ಹಿಡಿದ. ಜಿಲೇಬಿ ಮಠ್ಠಾ. ಮಠ್ಠಾ ಅಂದರೆ ಮಸಾಲೆ ಮಜ್ಜಿಗೆ, ಅದರ ತಣ್ಣನೆ ವಾಸನೆಯ ಪಕ್ಕದಲ್ಲೇ ಜಿಲೇಬಿಯ ಬಿಸಿ ವಾಸನೆ. ಬಡಿಸುವವರು ಅವನ ಎಲೆಯ ಹತ್ತಿರ ಬಂದಾಗ ತಾಟು ಎತ್ತಿ, ಹಳ್ಳ ದಾಟಿದ ಹಾಗೆ ದಾಟಿಸಿ, ಆಚೆಯ ಎಲೆಗೆ ಇಳಿದರು. ಅವನು ಪಕ್ಕದವನ ಎಲೆಯಿಂದ ಒಂದು ಜಿಲೇಬಿ ಎತ್ತಿಕೊಂಡು ಎದ್ದು ನಿಂತ.

“ಬೀಗರ, ಇಲ್ಲಿ ಬರ್ರಿ. ಬಾಯಿ ತಗೀರಿ.”

ಮುರಗೆಪ್ಪ ತಿರುಗಿದ. ಜಿಲೇಬಿ ನೋಡಿದ, ಭೀಮಸಿಯ ಮುಖ ನೋಡಿದ. “ನಾ ಆಮ್ಯಾಲೆ ಉಣ್ಣತೀನ್ರಿ. ಇನ್ನಾ ಪಂಕ್ತಿ ನಡದೈತಿ.”

“ಉಣ್ಣೂದ ಯಾರ ಕೇಳ್ಯಾರ್ರಿ? ಮಗಳ ಸಾಖರಪುಡಾ, ಬಾಯಿ ಸೀ ಮಾಡಬೇಕಲ್ಲ.”

“ಹೌದೌದ” ಎಂದಳು ಅಜ್ಜಿ ಎದುರು ಸಾಲಿನಿಂದ. “ಬೀಗರು ಎತ್ತಿದ ಕೈ ಹಿಂದಕ ಹೋಗಬಾರದಪಾ. ಬಾಯಿ ತಗೀ.”

ತೆರೆದ. ಭೀಮಸಿ ಇಟ್ಟ. ಕೈ ನಡುಗಲಿಲ್ಲ. ಪಾಕ ಮುರಗೆಪ್ಪನ ಮೀಸೆಯ ತುದಿಗೆ ಹತ್ತಿ ಹೊಳೆಯಿತು. ಜನ ಚಪ್ಪಾಳೆ ಹೊಡೆದರು. ಭೀಮಸಿ ಇನ್ನೊಂದು ಎತ್ತಿದ. ಮುರಗೆಪ್ಪ ಅಗಿಯುತ್ತಿದ್ದ, ಕಣ್ಣು ಮುಚ್ಚಿಕೊಂಡಿದ್ದವು. ಒಂದು ಅರೆಗಳಿಗೆ ಅವನ ಮುಖದಲ್ಲಿ ಹೆದರಿಕೆಯಲ್ಲದ ಒಂದು ಬೆಳಕು ಬಂದು ಹೋಯಿತು. ಎಷ್ಟೋ ತಿಂಗಳ ಮೇಲೆ ನಾಲಿಗೆ ತನ್ನ ತವರನ್ನು ಕಂಡಿತ್ತು. ಇದು ಭೀಮಸಿಯ ಲೆಕ್ಕದಲ್ಲಿ ಇರಲಿಲ್ಲ. ತಾನು ವಿಷ ಇಡುತ್ತಿದ್ದೇನೆ ಎಂದುಕೊಂಡಿದ್ದ, ಅವನು ಪ್ರಸಾದ ತಿನ್ನುತ್ತಿದ್ದ.

ಎರಡನೆಯದನ್ನು ಬಾಯಿಗೆ ಇಟ್ಟಾಗ ಮುರಗೆಪ್ಪ ಅರ್ಧ ಕಚ್ಚಿ ಅವನ ಮಣಿಕಟ್ಟು ಹಿಡಿದ, ಕಿವಿಯ ಹತ್ತಿರ ಬಂದ. ಪಂಕ್ತಿಗೆ ಅದು ಅಪ್ಪುಗೆಯ ಹಾಗೆ ಕಂಡಿತು. “ರಾಯಬಾಗದಾಗ ನೀವು ನನ್ನ ನೋಡಿ ಹೊಳ್ಳಿ ಹೋಗಿದ್ದ ನಾ ನೋಡಿನ್ರಿ ಬೀಗರ” ಎಂದ, ತುಟಿ ಅಲುಗಿಸದೆ. “ಅವತ್ತಿನಿಂದ ನಿದ್ದಿ ಇಲ್ಲ. ಎಷ್ಟ ತಿನಿಸ್ತೀರಿ ತಿನಿಸ್ರಿ. ಮಾತ ಮಾತ್ರ ಆಡಬ್ಯಾಡ್ರಿ. ಹುಡುಗೀದು ಮುರೀತೈತಿ.”

ಮಣಿಕಟ್ಟಿನ ಮೇಲೆ ಆ ಬೆರಳುಗಳು. ಭೀಮಸಿ ಕೆಳಗೆ ನೋಡಿದ. ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ, ಸೂಜಿಯ ಗುರುತು, ತನ್ನ ಬೆರಳಿನಲ್ಲಿ ಇರುವಂಥವೇ. ಅಷ್ಟು ಚುಚ್ಚಿಕೊಂಡಿದ್ದಾನೆ ಎಂದರೆ ಅಷ್ಟು ಹೆದರಿದ್ದಾನೆ. ಎಲ್ಲಿ ಕೂತು ಚುಚ್ಚಿಕೊಳ್ಳುತ್ತಾನೆ, ಬಚ್ಚಲಲ್ಲೋ, ದನದ ಕೊಟ್ಟಿಗೆಯಲ್ಲೋ. ಇವನಿಗೆ ಬೆರಳು ತರ್ರಿ ಎಂದು ಕೇಳುವ ಅಕ್ಕವ್ವನೂ ಇಲ್ಲ, ಹೆಂಡತಿ ತುಳಸವ್ವನಿಗೂ ಗೊತ್ತಿಲ್ಲದೆ ಇಟ್ಟಿರಬೇಕು, ಗಂಡನ ಗುಟ್ಟು ಗೊತ್ತಿದ್ದರೆ ತುಳಸವ್ವ ಇಷ್ಟೊತ್ತಿಗೆ ಓಡಿ ಬರುತ್ತಿದ್ದಳು. ತನಗಾದರೂ ಊರು ತುಂಬ ಕಾವಲುಗಾರರು. ಇವನಿಗೆ ಒಬ್ಬನೂ ಇಲ್ಲ. ಎರಡನೆಯ ಜಿಲೇಬಿಯ ಅರ್ಧ ಮುರಗೆಪ್ಪನ ಬಾಯಲ್ಲಿ, ಅರ್ಧ ತನ್ನ ಕೈಯಲ್ಲಿ ಇತ್ತು. ಆ ಉಳಿದರ್ಧವನ್ನು ಭೀಮಸಿ ಹಿಂದಕ್ಕೆ ತೆಗೆದುಕೊಂಡ. ಎದೆಯಲ್ಲಿ ಏನೋ ಸಡಿಲಾಯಿತು, ಒಂದು ವರ್ಷದಿಂದ ಬಿಗಿದಿದ್ದ ಹಗ್ಗ. ಸಾಕು ಎಂದುಕೊಂಡ. ಇಷ್ಟು ಸಾಕು.

ಆ ಹೊತ್ತಿಗೇ ಎರಡನೆಯ ಸರತಿಯ ಜಿಲೇಬಿ ಬಂತು. ಬಡಿಸುವವನು ಹೊಸಬ, ಅಥಣಿಯವರ ಕಡೆಯವನು. ಭೀಮಸಿಯ ಖ್ಯಾತಿ ಅವನಿಗೆ ಮುಟ್ಟಿರಲಿಲ್ಲ. ಭೀಮಸಿಯ ಖಾಲಿ ಎಲೆಯ ಮೇಲೆ ಕೈ ಇಳಿಸಿದ. ಮುರಗೆಪ್ಪನ ಬಾಯಲ್ಲಿ ಇನ್ನೂ ಜಿಲೇಬಿ ಇತ್ತು, ಕಣ್ಣಲ್ಲಿ ನೀರು ಇತ್ತು. ಆದರೂ ಅವನ ಕೈ, ಆ ಹವಳದ ಉಂಗುರದ ಕೈ, ಯಾರನ್ನೂ ಕೇಳದೆ ಹಾರಿ ಹೋಗಿ ಬಡಿಸುವವನ ಮಣಿಕಟ್ಟು ಹಿಡಿಯಿತು.

“ಏ ತಮ್ಮಾ, ಅಲ್ಲಿ ಹಾಕಬ್ಯಾಡ. ಅವರಿಗೆ ಶುಗರ್ ಐತಿ.”

ಹೇಳಿದ ಮೇಲೆ ಮುರಗೆಪ್ಪನ ಮುಖ ಬೂದಿಯಾಯಿತು. ಅಂದದ್ದು ಬಾಯಿಯಲ್ಲ, ಚಟ. ಅಥವಾ ಕಾಳಜಿಯೇ ಇದ್ದೀತು. ಭೀಮಸಿಗೆ ಆಮೇಲೆ ಎಷ್ಟು ಯೋಚಿಸಿದರೂ ಅದು ಬಗೆಹರಿಯಲಿಲ್ಲ. ಆದರೆ ಆ ಕ್ಷಣದಲ್ಲಿ ಪಂಕ್ತಿಯಲ್ಲಿ ಯಾರೋ ಒಬ್ಬ ಹಳೆಯ ನೆನಪಿಗೆ ಕಿಸಕ್ಕೆಂದ. ಸಡಿಲಾದ ಹಗ್ಗ ಮತ್ತೆ ಬಿಗಿಯಿತು, ಈ ಸಲ ಒಂದು ಸುತ್ತು ಹೆಚ್ಚು.

ಅಜ್ಜಿಯ ಕನ್ನಡಕ ಮೇಲೆದ್ದಿತು. “ಯಾರಿಗೆ ಶುಗರ್?”

ಶೈಲಾ ಮಠ್ಠಾದ ಬಕೆಟ್ಟು ಹಿಡಿದು ಕಂಬದ ಹತ್ತಿರ ನಿಂತಿದ್ದಳು. ಮಣೆಯ ಮೇಲೆ ಸೀಮಾ, ಉಡಿಯಲ್ಲಿ ಸಕ್ಕರೆ ಪೊಟ್ಟಣ, ತಲೆ ಎತ್ತಿ ಅಪ್ಪನನ್ನು ನೋಡಿದಳು. ಭೀಮಸಿಯ ನಾಲಿಗೆಯ ತುದಿಯಲ್ಲಿ ಆ ಗುಟ್ಟು ಕೂತಿತ್ತು. ಎರಡೇ ಮಾತು, ನಮಗಿಬ್ಬರಿಗೂ ಐತಿ. ಉಗುಳಿದರೆ ಮುಗಿಯಿತು. ಆದರೆ ಉಗುಳಿದ ಮೇಲೆ ಬಾಯಿ ಖಾಲಿ. ಮುರಗೆಪ್ಪನಿಗೆ ಊರೆಲ್ಲ ಮರುಕಪಡುತ್ತದೆ, ಹಾಗಲಕಾಯಿ ಬೇಯಿಸಿ ಕೊಡುತ್ತದೆ, ನಡುರಾತ್ರಿ ಕಾಲು ಒತ್ತುತ್ತದೆ. ಅವನಿಗೂ ಜಾಮೀನು ಸಿಗುತ್ತದೆ. ಭೀಮಸಿಗೆ ಅದು ಇಷ್ಟವಾಗಲಿಲ್ಲ.

“ನನಗ ಐತ್ರಿ ಯವ್ವಾ” ಎಂದ, ಎಲ್ಲರಿಗೂ ಕೇಳುವ ಹಾಗೆ. “ನಾ ಹುಡುಗಿಯ ಅಣ್ಣನ ಮಾವ, ನನ್ನ ರಕ್ತ ಈ ಮನಿಗೆ ಹತ್ತೂದಿಲ್ಲ, ಅಂಜಬ್ಯಾಡ್ರಿ. ನಮ್ಮ ಬೀಗರ ಮೈ ಹೆಂಗೈತಿ ಅಂತೀರಿ, ಕಲ್ಲ ತಿಂದ ಕರಗಸ್ತಾರ. ಖಾತ್ರಿ ಇಲ್ಲಂದ್ರ ನೋಡ್ರಿ ಇಲ್ಲೆ.” ಬಡಿಸುವವನ ತಾಟಿನಿಂದ ಒಂದು ಜಿಲೇಬಿ ಎತ್ತಿದ, ದೊಡ್ಡದು, ಅಂಚಿನಲ್ಲಿ ಪಾಕ ಹನಿಯುತ್ತಿದ್ದದ್ದು. “ಬಾಯಿ ತಗೀರಿ ಬೀಗರ.”

ಮುರಗೆಪ್ಪ ತೆರೆದ. ಈ ಸಲ ಕಣ್ಣು ಮುಚ್ಚಲಿಲ್ಲ. ಭೀಮಸಿ ಇನ್ನೊಂದು ಎತ್ತಿದ. “ಇದು ಸೀಮಾನ ಹೆಸರಿಗೆ.” ಮತ್ತೊಂದು. “ಇದು ಅಥಣಿ ಯವ್ವಾರ ಹೆಸರಿಗೆ.” ಅಜ್ಜಿಗೆ ಖುಷಿಯಾಗಿ, “ಮನಷಾ ಅಂದ್ರ ಹಿಂಗಿರಬೇಕ ನೋಡ” ಎಂದು ಪಕ್ಕದವಳಿಗೆ ಹೇಳಿದಳು. ಪಂಕ್ತಿ ನಗುತ್ತಿತ್ತು, ಎಣಿಸುತ್ತಿತ್ತು, ಮೊಬೈಲು ಎತ್ತಿ ಹಿಡಿದಿತ್ತು. ಮುರಗೆಪ್ಪ ಬೆಳಗಿನ ಎಮ್ಮೆಯ ಹಾಗೆ ಅಗಿಯುತ್ತ ನಿಂತಿದ್ದ. ಭೀಮಸಿಯ ನಗೆಯ ಎರಡೂ ತುದಿ ಒಂದೇ ಸಲ ಎದ್ದಿದ್ದವು. ಮೈಯಲ್ಲಿ ಒಂದು ಬೆಚ್ಚನೆಯ ಸುಖ ಹರಡಿತು, ಪೇರಲಹಣ್ಣಿನಲ್ಲೂ ಇರದ ಸುಖ, ಅರ್ಧ ಕಪ್ಪಿನಲ್ಲೂ ಸಿಗದ್ದು. ಅದರ ಅಡಿಯಲ್ಲಿ ಎಲ್ಲೋ ಒಂದು ಹೇಸಿಗೆಯೂ ಇತ್ತು. ಆ ಹೇಸಿಗೆ ಕೂಡ ಅಷ್ಟು ರುಚಿಗೆಟ್ಟಿರಲಿಲ್ಲ.

ಮತ್ತೊಂದಕ್ಕೆ ಕೈ ಹೋದಾಗ ನಡುವೆ ಮಠ್ಠಾದ ಬಕೆಟ್ಟು ಬಂತು. ಶೈಲಾ. ಮಾವನಿಗೆ ಒಂದು ಲೋಟ ತುಂಬಿ ಕೊಟ್ಟಳು. ಅಪ್ಪನ ಕಡೆ ತಿರುಗದೆ, ಲೋಟ ತುಂಬುವ ಸದ್ದಿನಲ್ಲೇ ಹೇಳಿದಳು: “ಮುಗಸ್ರಿ ಅಪ್ಪಾ. ಇವರ ದಿಂಬಿನ ಬುಡದಾಗ ಗುಳಗಿ ನೋಡಾಕಿ ನಾನ. ರಾತ್ರಿ ಕಾಲ ಉರದ್ರ ಎಣ್ಣಿ ತಿಕ್ಕಾಕಿನೂ ನಾನ. ನಿಮ್ಮ ಜಗಳಾ ತೊಳಿಯೂದು ನನ್ನ ಪಾಲಿಗಿ ಬರತೈತಿ.”

ಭೀಮಸಿಯ ಕೈ ಗಾಳಿಯಲ್ಲಿ ನಿಂತಿತು. ಮಗಳ ಮುಖ ನೋಡಬೇಕೆಂದು ನೋಡಿದ. ಅವಳು ಆಗಲೇ ಮುಂದಿನ ಎಲೆಗೆ ಬಾಗಿದ್ದಳು. ಅವನು ಜಿಲೇಬಿಯನ್ನು ತಾಟಿನಲ್ಲಿ ವಾಪಸು ಇಟ್ಟು, “ಇವತ್ತಿಗೆ ಸಾಕ್ರಿ, ನಮ್ಮ ಬೀಗರು ಗೆದ್ರು” ಎಂದು ಸಾರಿದ. ಚಪ್ಪಾಳೆ. ಕೂತು, ಖಾಲಿ ಎಲೆಯ ಮೇಲೆ ಅನ್ನ ಸಾರು ಹಾಕಿಸಿಕೊಂಡು ಉಂಡ. ಅನ್ನ ಸಪ್ಪಗಿತ್ತು. ಬೆರಳಿಗೆ ಹತ್ತಿದ ಪಾಕ ಸಾರಿನಲ್ಲಿ ಕರಗಿದರೂ ನಾಲಿಗೆಗೆ ಗೊತ್ತಾಗಲಿಲ್ಲ.

ಹೊರಡುವಾಗ ಮುರಗೆಪ್ಪ ಊರ ಅಗಸಿ ಬಾಗಿಲವರೆಗೂ ಕಳಿಸಲು ಬಂದ. ಅಕ್ಕವ್ವ, ತುಳಸವ್ವ ಮುಂದೆ ಹೋಗಿದ್ದರು. ಮುರಗೆಪ್ಪನ ತುಟಿ ಒಣಗಿ ಬಿಳಿಚಿದ್ದವು. ಬರುವ ಮೊದಲು ಎರಡು ತಂಬಿಗೆ ನೀರು ಕುಡಿದಿದ್ದ, ಇನ್ನೂ ನೀರಡಿಕೆಯ ಕಣ್ಣು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ನೋಡಿದವರು ಮಗಳ ನಿಶ್ಚಯದ ದಣಿವು ಎಂದುಕೊಳ್ಳುತ್ತಿದ್ದರು.

“ಭಾಳ ಉಪಕಾರ ಆತ್ರಿ ಬೀಗರ” ಎಂದ. “ಅವತ್ತ ಜವಳದಾಗ ನಾ ಆಡಿದ ಮಾತ... ಬಾಯಿ ನಂದು ಸುಮಾರ ಐತ್ರಿ. ಮುಗೀತಲ್ರಿ ಇಲ್ಲಿಗೆ?”

ರಸ್ತೆಯ ಆಚೆ ಕಬ್ಬಿನ ಗಾಡಿ ನಿಂತಿತ್ತು. ಮಕ್ಕಳು ಹಿಂದಿನಿಂದ ಒಂದೊಂದೇ ಕಬ್ಬು ಎಳೆಯುತ್ತಿದ್ದರು, ಗಾಡಿಯವನಿಗೆ ಗೊತ್ತಾಗದ ಹಾಗೆ, ಎಲ್ಲವನ್ನೂ ಒಮ್ಮೆಗೇ ಎಳೆಯದೆ. ಭೀಮಸಿ ಬೀಗನ ರುಮಾಲಿನ ಸೆರಗು ಸರಿಪಡಿಸಿ, ಮೀಸೆಗೆ ಹತ್ತಿದ ಪಾಕವನ್ನು ತನ್ನ ಹೆಬ್ಬೆರಳಿನಿಂದ ಪ್ರೀತಿಯಿಂದ ಒರೆಸಿದ.

“ಎಲ್ಲಿ ಮುಗೀತ್ರಿ” ಎಂದ. “ಮದವಿ ಐತಿ, ಬೀಗರೂಟ ಐತಿ, ಸೀಮಾ ಬಸರಾದಾಗ ಕುಬಸ, ಆಮ್ಯಾಲೆ ತೊಟ್ಟಲಾ. ವರ್ಷಾ ದೀಪಾವಳಿ, ಸಂಕ್ರಾಂತಿ. ಎಲ್ಲಾದಕ್ಕೂ ಅಥಣಿ ಯವ್ವಾರು ಬರತಾರ. ನನ್ನ ಕರಿಯೂದ ಮಾತ್ರ ಮರೀಬ್ಯಾಡ್ರಿ ಬೀಗರ.”

ಮುರಗೆಪ್ಪ ಎರಡೂ ಕೈ ಜೋಡಿಸಿದ. “ಅಡ್ಡಿ ಇಲ್ರಿ” ಎಂದ.